ಅರ್ಜಿಗೆ ಮುನ್ನ ಒಂದು ಪ್ಯಾಚ್

ಗೂಗಲ್ ಸಮ್ಮರ್ ಆಫ್ ಕೋಡ್ ಮೂಲಕ ಜಿಸಿಸಿಯಂಥ ಹಳೆಯ ಕಂಪೈಲರ್‌ ಯೋಜನೆಯಲ್ಲಿ ಜಾಗ ಬಯಸುವ ವಿದ್ಯಾರ್ಥಿಯ ಹತ್ತು ಪುಟದ ಪ್ರಸ್ತಾವಕ್ಕಿಂತ, ಪರೀಕ್ಷೆಗಳನ್ನು ದಾಟಿ ಬಂದ ಹತ್ತು ಸಾಲಿನ ತಿದ್ದುಪಡಿಗೇ ತೂಕ ಹೆಚ್ಚು.

ಕಪ್ಪು ತೆರೆಯ ಮೇಲೆ ಸಾಲುಗಳು ಓದಲಾಗದ ವೇಗದಲ್ಲಿ ಮೇಲೇರುತ್ತಿರುತ್ತವೆ, ಲ್ಯಾಪ್‌ಟಾಪಿನ ಫ್ಯಾನು ಬಿಡುವಿಲ್ಲದೆ ಸದ್ದು ಮಾಡುತ್ತಿರುತ್ತದೆ, ಗಂಟೆ ಕಳೆದರೂ ಕೆಲಸ ಮುಗಿಯುವ ಸೂಚನೆ ಕಾಣುವುದಿಲ್ಲ. ಜಿಸಿಸಿ ಎಂಬ ಕಂಪೈಲರ್ ತನ್ನನ್ನು ತಾನೇ ಕಟ್ಟಿಕೊಳ್ಳುವ ಹೊತ್ತಿನ ನೋಟವಿದು.

ಮೊದಲ ಹಂತದಲ್ಲಿ ಯಂತ್ರದಲ್ಲಿ ಆಗಲೇ ಇರುವ ಯಾವುದೋ ಕಂಪೈಲರ್ ಹೊಸ ಜಿಸಿಸಿಯನ್ನು ತಯಾರಿಸುತ್ತದೆ. ಎರಡನೆಯ ಹಂತದಲ್ಲಿ ಹಾಗೆ ಹುಟ್ಟಿದ ಜಿಸಿಸಿ ತನ್ನದೇ ಸೋರ್ಸ್ ಕೋಡನ್ನು ಮತ್ತೆ ಕಂಪೈಲ್ ಮಾಡುತ್ತದೆ. ಮೂರನೆಯ ಹಂತದಲ್ಲಿ ಆ ಫಲಿತಾಂಶವೇ ಅದೇ ಕೆಲಸವನ್ನು ಇನ್ನೊಮ್ಮೆ ಮಾಡುತ್ತದೆ. ಎರಡನೆಯ ಮತ್ತು ಮೂರನೆಯ ಹಂತಗಳಲ್ಲಿ ಹೊರಬಿದ್ದ ಆಬ್ಜೆಕ್ಟ್ ಕಡತಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಕಂಪೈಲರ್ ತನ್ನನ್ನೇ ತಪ್ಪಾಗಿ ಅನುವಾದಿಸಿಕೊಂಡಿದೆ ಎಂದು ತಿಳಿದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಈ ಕ್ರಮಕ್ಕೆ ಬೂಟ್‌ಸ್ಟ್ರಾಪ್ ಎಂದು ಹೆಸರು.

ಇತ್ತೀಚಿನ ವರ್ಷಗಳಲ್ಲಿ ಮಾರ್ಚ್ ಮಧ್ಯಭಾಗದಿಂದ ಏಪ್ರಿಲ್ ಮೊದಲ ವಾರದ ತನಕ, ಅಂದರೆ ಸರಿಸುಮಾರು ಯುಗಾದಿಯ ಆಸುಪಾಸಿನಲ್ಲಿ, ಗೂಗಲ್ ಸಮ್ಮರ್ ಆಫ್ ಕೋಡ್‌ನ ಅರ್ಜಿಗಳು ಸಲ್ಲಿಕೆಯಾಗುತ್ತವೆ. ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಓಪನ್ ಸೋರ್ಸ್ ಯೋಜನೆಗಳಲ್ಲಿ ಹೊಸಬರು ಮಾರ್ಗದರ್ಶಕರ ಕೈಕೆಳಗೆ ಕೆಲವು ತಿಂಗಳು ದುಡಿದು ಗೌರವಧನ ಪಡೆಯುವ ಈ ಕಾರ್ಯಕ್ರಮದಲ್ಲಿ ಜಿಸಿಸಿ, ಎಲ್‌ಎಲ್‌ವಿಎಂ ಮೊದಲಾದ ಕಂಪೈಲರ್ ಯೋಜನೆಗಳಿಗೂ ಜಾಗವಿದೆ. ಅಂಥ ಯೋಜನೆಗೆ ಅರ್ಜಿ ಹಾಕುವವರು ಮೇಲಿನ ನೋಟವನ್ನು ತಮ್ಮ ಯಂತ್ರದಲ್ಲಿ ಒಮ್ಮೆಯಾದರೂ ಕಂಡಿರಬೇಕೆಂಬುದು ಅಲಿಖಿತವಾದ ಮೊದಲ ಅರ್ಹತೆ.

ಅರ್ಜಿಯೆಂದರೆ ಆಕರ್ಷಕವಾಗಿ ಬರೆಯಬೇಕಾದ ಒಂದು ದಾಖಲೆ, ಆಯ್ಕೆಯಾದ ಮೇಲೆ ಕೆಲಸ ಆರಂಭ ಎಂದು ಬಹಳಷ್ಟು ವಿದ್ಯಾರ್ಥಿಗಳು ಭಾವಿಸುತ್ತಾರೆ. ಕಂಪೈಲರ್ ಯೋಜನೆಗಳ ಮಟ್ಟಿಗೆ ಈ ಎಣಿಕೆ ತಲೆಕೆಳಗಾದುದು; ಅಲ್ಲಿ ಅರ್ಜಿಯ ಮುಖ್ಯಭಾಗವೆಲ್ಲ ಅರ್ಜಿಗೆ ಮುಂಚಿನ ಆರೇಳು ವಾರಗಳಲ್ಲೇ ಮುಗಿದಿರುತ್ತದೆ, ಸಲ್ಲಿಸುವ ಪ್ರಸ್ತಾವ ಆ ಕೆಲಸದ ವರದಿಯಷ್ಟೇ ಆಗಿರುತ್ತದೆ.

> ಕಾರ್ಯಕ್ರಮದ ಪರಿಚಯ
>
> ಗೂಗಲ್ ಸಮ್ಮರ್ ಆಫ್ ಕೋಡ್ ಆರಂಭವಾದದ್ದು 2005ರಲ್ಲಿ, ಸುಮಾರು 40 ಸಂಸ್ಥೆಗಳು ಮತ್ತು 400 ವಿದ್ಯಾರ್ಥಿಗಳೊಂದಿಗೆ. 2022ರಿಂದ ವಿದ್ಯಾರ್ಥಿಗಳಲ್ಲದೆ, ಓಪನ್ ಸೋರ್ಸ್‌ಗೆ ಹೊಸಬರಾದ 18 ವರ್ಷ ತುಂಬಿದ ಇತರರಿಗೂ ಅವಕಾಶ ತೆರೆದಿದೆ. ಕೆಲಸದ ಗಾತ್ರ ಸುಮಾರು 90, 175 ಅಥವಾ 350 ಗಂಟೆ. ಒಬ್ಬರು ಗರಿಷ್ಠ ಮೂರು ಪ್ರಸ್ತಾವ ಸಲ್ಲಿಸಬಹುದು, ಒಪ್ಪಿತವಾಗುವುದು ಒಂದು ಮಾತ್ರ. ಗೌರವಧನ ಆಯಾ ದೇಶದ ಹಣದ ಕೊಳ್ಳುವ ಶಕ್ತಿಗೆ ತಕ್ಕಂತೆ ಬದಲಾಗುತ್ತದೆ.

ಪಠ್ಯದ ಕಂಪೈಲರ್, ಬಳಕೆಯ ಕಂಪೈಲರ್

ಮನುಷ್ಯರು ಬರೆದ ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ಅನುವಾದಿಸುವ ತಂತ್ರಾಂಶವೇ ಕಂಪೈಲರ್. ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಗ್ನೂ ಸಿ ಕಂಪೈಲರ್ ಎಂಬ ಹೆಸರಿನಲ್ಲಿ ಹೊರತಂದ ಜಿಸಿಸಿ, 1997ರಲ್ಲಿ ಅದರಿಂದ ಸಿಡಿದು ಹೋದ ಈಜಿಸಿಎಸ್ ಎಂಬ ಕವಲು 1999ರಲ್ಲಿ ಮರಳಿ ಒಂದಾದಾಗ ಗ್ನೂ ಕಂಪೈಲರ್ ಕಲೆಕ್ಷನ್ ಎಂಬ ಹೊಸ ಅರ್ಥವನ್ನು ಪಡೆಯಿತು. ಇಂದು ಅದು ಸಿ, ಸಿ++, ಫೋರ್‌ಟ್ರಾನ್, ಅಡಾ, ಡಿ, ಗೋ ಮೊದಲಾದ ಭಾಷೆಗಳನ್ನು ಅನುವಾದಿಸುವ, ಒಂದು ಕೋಟಿ ಸಾಲುಗಳನ್ನು ಮೀರಿದ ಸಂಗ್ರಹ.

ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಂಪೈಲರ್ ಪ್ರಯೋಗವೆಂದರೆ ಬಹುಮಟ್ಟಿಗೆ ಲೆಕ್ಸ್ ಮತ್ತು ಯಾಕ್ ಎಂಬ ಉಪಕರಣಗಳ ಅಭ್ಯಾಸ. ಇವುಗಳಲ್ಲಿ ಮೊದಲನೆಯದು ಅಕ್ಷರಗಳ ಸಾಲನ್ನು ಪದಗಳಾಗಿ ಒಡೆಯುವ ಭಾಗವನ್ನೂ, ಎರಡನೆಯದು ವ್ಯಾಕರಣದ ನಿಯಮಗಳನ್ನು ಕೊಟ್ಟರೆ ವಾಕ್ಯದ ರಚನೆಯನ್ನು ಗುರುತಿಸುವ ಪಾರ್ಸರನ್ನೂ ತಾನಾಗಿಯೇ ತಯಾರಿಸಿ ಕೊಡುತ್ತದೆ.

ಈ ಅಭ್ಯಾಸದ ಬಲದಿಂದ ಜಿಸಿಸಿಯ ಕೋಡನ್ನು ತೆರೆದು ಸಿ ಭಾಷೆಯ ವ್ಯಾಕರಣದ ಕಡತವನ್ನು ಹುಡುಕುವವರಿಗೆ ಅದು ಸಿಗುವುದಿಲ್ಲ. 2004ರ 3.4 ಆವೃತ್ತಿಯಲ್ಲಿ ಸಿ++ ಪಾರ್ಸರನ್ನೂ 2006ರ 4.1 ಆವೃತ್ತಿಯಲ್ಲಿ ಸಿ ಪಾರ್ಸರನ್ನೂ ಕೈಯಾರೆ ಬರೆದ ಪಾರ್ಸರ್‌ಗಳಿಗೆ ಬದಲಾಯಿಸಲಾಯಿತು. ಎಲ್‌ಎಲ್‌ವಿಎಂ ಬಳಗದ ಕ್ಲ್ಯಾಂಗ್ ಕೂಡ ಇದೇ ಮಾದರಿಯದು. ಸಿ++ನಂಥ ಜಟಿಲ ಭಾಷೆಯ ಸಂದಿಗ್ಧಗಳನ್ನು ಬಿಡಿಸುವುದಕ್ಕೂ, ತಪ್ಪು ಎಲ್ಲಿದೆಯೆಂದು ಬಳಕೆದಾರರಿಗೆ ಬಿಡಿಸಿ ಹೇಳುವುದಕ್ಕೂ ಕೈಬರಹದ ಪಾರ್ಸರೇ ಅನುಕೂಲ.

ಅದಕ್ಕಿಂತ ಮುಖ್ಯವಾಗಿ, ಪಾರ್ಸಿಂಗ್ ಎಂಬುದು ಇಡೀ ಕಂಪೈಲರಿನ ಹೆಬ್ಬಾಗಿಲು ಮಾತ್ರ. ಅಲ್ಲಿಂದ ಮುಂದೆ ಪ್ರೋಗ್ರಾಂ ಗಿಂಪಲ್ ಎಂಬ ಸರಳೀಕೃತ ಮಧ್ಯಂತರ ರೂಪ ತಾಳುತ್ತದೆ. ಪ್ರತಿಯೊಂದು ಚರಕ್ಕೂ ಒಮ್ಮೆ ಮಾತ್ರ ಬೆಲೆ ಕೊಡುವ ಎಸ್‌ಎಸ್‌ಎ ಎಂಬ ಶಿಸ್ತಿಗೆ ಒಳಪಡುತ್ತದೆ. ಹತ್ತಾರು ಸುಧಾರಣಾ ಹಂತಗಳನ್ನು ಹಾಯ್ದ ಮೇಲೆ ಯಂತ್ರಕ್ಕೆ ಇನ್ನಷ್ಟು ಹತ್ತಿರವಾದ ಆರ್‌ಟಿಎಲ್ ರೂಪಕ್ಕೆ ಇಳಿದು ಕೊನೆಗೆ ಅಸೆಂಬ್ಲಿಯಾಗುತ್ತದೆ. ಗಿಂಪಲ್ ಮತ್ತು ಎಸ್‌ಎಸ್‌ಎ 2005ರ 4.0 ಆವೃತ್ತಿಯಲ್ಲಿ ಜಿಸಿಸಿಯ ಬೆನ್ನೆಲುಬಾದವು.

ಈ ಪಯಣವನ್ನು ಕಾಣಲು ಪುಸ್ತಕವೇ ಬೇಕೆಂದಿಲ್ಲ. ಡಂಪ್ ಎಂದು ಕರೆಯಲಾಗುವ ಆಯ್ಕೆಗಳನ್ನು ಕೊಟ್ಟು ಐದು ಸಾಲಿನ ಒಂದು ಸಿ ಪ್ರೋಗ್ರಾಂ ಅನ್ನು ಕಂಪೈಲ್ ಮಾಡಿದರೆ, ಪ್ರತಿ ಹಂತದ ನಂತರ ಪ್ರೋಗ್ರಾಂ ಹೇಗಿತ್ತೆಂಬುದನ್ನು ಕಂಪೈಲರ್ ಬೇರೆ ಬೇರೆ ಕಡತಗಳಲ್ಲಿ ಬರೆದಿಡುತ್ತದೆ. ಅವುಗಳನ್ನು ಒಂದರ ಪಕ್ಕ ಒಂದಿಟ್ಟು ಯಾವ ಹಂತದಲ್ಲಿ ಯಾವ ಸಾಲು ಮಾಯವಾಯಿತೆಂದು ಪತ್ತೆಹಚ್ಚುವ ಅಭ್ಯಾಸ, ಒಂದು ಸೆಮಿಸ್ಟರಿನ ಪಾಠ ಕೊಡದ ಪರಿಚಯವನ್ನು ಒಂದು ವಾರಾಂತ್ಯದಲ್ಲಿ ಕೊಡಬಲ್ಲದು.

ಹೊಸಬರು ಎಡವುವ ಜಾಗಗಳು

ಬಿಲ್ಡ್ ಮಾಡುವಾಗಿನ ಮೊದಲ ತಪ್ಪು, ಸೋರ್ಸ್ ಕೋಡ್ ಇರುವ ಫೋಲ್ಡರಿನಲ್ಲೇ ಕೆಲಸ ಆರಂಭಿಸುವುದು. ಜಿಸಿಸಿಯನ್ನು ಬೇರೆಯದೇ ಫೋಲ್ಡರಿನಲ್ಲಿ ಕಟ್ಟಬೇಕೆಂದು ಅದರ ಕೈಪಿಡಿ ಹೇಳುತ್ತದೆ. ದೊಡ್ಡ ಸಂಖ್ಯೆಗಳ ಲೆಕ್ಕಕ್ಕೆ ಬೇಕಾದ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಲೈಬ್ರರಿಗಳನ್ನು ತಂದುಕೊಡುವ ಸ್ಕ್ರಿಪ್ಟ್ ಕೋಡಿನ ಜೊತೆಗೇ ಇರುತ್ತದೆ. ಕಲಿಕೆಯ ದಿನಗಳಲ್ಲಿ ಬೂಟ್‌ಸ್ಟ್ರಾಪನ್ನು ನಿಲ್ಲಿಸಿ, ಸಿ ಮತ್ತು ಸಿ++ ಭಾಷೆಗಳಿಗಷ್ಟೇ ಸೀಮಿತಗೊಳಿಸಿದರೆ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಕೆಲಸ ನಡೆಯುತ್ತದೆ. ಸಾಮರ್ಥ್ಯ ಸಾಲದವರಿಗೆ ಕಂಪೈಲ್ ಫಾರ್ಮ್ ಎಂಬ ಸೌಲಭ್ಯವಿದೆ. ಆರ್ಮ್, ಪವರ್, ರಿಸ್ಕ್-ಫೈವ್ ಸೇರಿದಂತೆ ನಾನಾ ಬಗೆಯ ಯಂತ್ರಗಳಲ್ಲಿ ಮುಕ್ತ ತಂತ್ರಾಂಶದ ಕೆಲಸಗಾರರು ಅಲ್ಲಿ ಉಚಿತವಾಗಿ ಖಾತೆ ಪಡೆಯಬಹುದು.

ಎರಡನೆಯದು ಡೀಬಗ್ಗರ್ ಹಿಡಿದು ಕೂತಾಗಿನ ಗೊಂದಲ. ಕಂಪೈಲರ್ ಒಳಗಿನ ಒಂದು ಫಂಕ್ಷನ್ನಿನಲ್ಲಿ ತಡೆ ಹಾಕಿ ಜಿಸಿಸಿ ಆದೇಶವನ್ನು ಚಲಾಯಿಸಿದರೆ ಆ ತಡೆ ತಗಲುವುದೇ ಇಲ್ಲ, ಏಕೆಂದರೆ ಜಿಸಿಸಿ ಎಂಬ ಹೆಸರಿನ ಪ್ರೋಗ್ರಾಂ ಕೆಲಸ ಹಂಚುವ ಮೇಸ್ತ್ರಿ ಮಾತ್ರ. ನಿಜವಾಗಿ ಸಿ ಕೋಡನ್ನು ಅನುವಾದಿಸುವುದು ಅದು ಹಿನ್ನೆಲೆಯಲ್ಲಿ ಕರೆಯುವ ಸಿಸಿ1 ಎಂಬ ಬೇರೊಂದು ಪ್ರೋಗ್ರಾಂ. ರ್‍ಯಾಪರ್ ಎಂಬ ಆಯ್ಕೆಯ ಮೂಲಕ ಡೀಬಗ್ಗರನ್ನು ಸಿಸಿ1ಕ್ಕೇ ಜೋಡಿಸಿದ ದಿನ ವಿದ್ಯಾರ್ಥಿಗೆ ಕಂಪೈಲರಿನ ಒಳಗಣ ಕಾಣತೊಡಗುತ್ತದೆ. ರೆಡ್ ಹ್ಯಾಟ್ ಸಂಸ್ಥೆಯ ಡೇವಿಡ್ ಮಾಲ್ಕಮ್ ಹೊಸ ಕೊಡುಗೆದಾರರಿಗೆಂದೇ ಬರೆದಿರುವ ಮಾರ್ಗದರ್ಶಿ ಇಂಥ ವಿಷಯಗಳಲ್ಲಿ ಕೈಹಿಡಿದು ನಡೆಸುತ್ತದೆ.

ಮೂರನೆಯದು ಪರೀಕ್ಷೆಗಳ ಫಲಿತಾಂಶವನ್ನು ಓದುವುದು. ಜಿಸಿಸಿಯ ಜೊತೆಗೆ ಬರುವ ಪರೀಕ್ಷೆಗಳ ಸಂಖ್ಯೆ ಲಕ್ಷಗಳಲ್ಲಿದೆ, ಮತ್ತು ಯಾರೂ ಮುಟ್ಟದ ಕೋಡಿನಲ್ಲೂ ಅವುಗಳಲ್ಲಿ ಕೆಲವು ವಿಫಲವಾಗಿಯೇ ಇರುತ್ತವೆ. ಆದುದರಿಂದ ವಿಫಲತೆ ಕಂಡೊಡನೆ ಗಾಬರಿಯಾಗುವುದಾಗಲಿ, ಎಲ್ಲ ಹೀಗೇ ಇರುತ್ತದೆಂದು ಉದಾಸೀನ ತೋರುವುದಾಗಲಿ ಸಲ್ಲದು. ಬದಲಾವಣೆಗೆ ಮುಂಚಿನ ಮತ್ತು ನಂತರದ ಫಲಿತಾಂಶಗಳೆರಡನ್ನೂ ಇಟ್ಟುಕೊಂಡು, ಹೊಸದಾಗಿ ಕೆಟ್ಟದ್ದು ಏನಾದರೂ ಇದೆಯೇ ಎಂದು ಹೋಲಿಸಬೇಕು. ಪೂರ್ಣ ಬೂಟ್‌ಸ್ಟ್ರಾಪ್ ಆಗಿದೆ, ಹೊಸ ದೋಷಗಳು ಕಂಡಿಲ್ಲ, ಇಂಥ ಯಂತ್ರದಲ್ಲಿ ನೋಡಲಾಗಿದೆ ಎಂಬ ಒಂದು ಸಾಲು ಇಲ್ಲದ ಪ್ಯಾಚನ್ನು, ಅಂದರೆ ಕೋಡಿನ ತಿದ್ದುಪಡಿಯನ್ನು, ಪರಿಶೀಲಕರು ಅರ್ಧಂಬರ್ಧ ಕೆಲಸವೆಂದೇ ಎಣಿಸುತ್ತಾರೆ.

ಸಣ್ಣ ನಿಯಮ, ದೊಡ್ಡ ಜವಾಬ್ದಾರಿ

ಮೊದಲ ಪ್ಯಾಚ್‌ಗೆ ಎಂಥ ಕೆಲಸ ಆಯ್ದುಕೊಳ್ಳಬೇಕೆಂಬುದಕ್ಕೆ ಒಳ್ಳೆಯ ಉತ್ತರಗಳಲ್ಲೊಂದು ಮ್ಯಾಚ್-ಪಿಡಿ ಎಂಬ ಕಡತ. 2015ರ ಜಿಸಿಸಿ 5 ಆವೃತ್ತಿಯೊಂದಿಗೆ ಬಂದ ಈ ಕಡತದಲ್ಲಿ, ಇಂಥ ಗಣಿತರೂಪ ಕಂಡರೆ ಅದನ್ನು ಇಂಥ ಸರಳ ರೂಪಕ್ಕೆ ಬದಲಿಸು ಎಂಬ ನಿಯಮಗಳು ಸಾಲಾಗಿ ಇವೆ. ನಿಯಮವೊಂದು ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆಯಾದರೂ, ಅದನ್ನು ಸರಿಯಾಗಿ ಬರೆಯುವುದಕ್ಕೆ ಬೇಕಾದ ಎಚ್ಚರ ಕಂಪೈಲರ್ ಕಸುಬಿನ ಇಡೀ ಸ್ವಭಾವವನ್ನು ತೋರಿಸಿಕೊಡುತ್ತದೆ.

ಒಂದು ಪೂರ್ಣಾಂಕಕ್ಕೆ ಒಂದನ್ನು ಕೂಡಿದರೆ ಬರುವ ಮೊತ್ತ ಆ ಸಂಖ್ಯೆಗಿಂತ ದೊಡ್ಡದೇ ಎಂಬ ಹೋಲಿಕೆಯನ್ನು ಕಂಪೈಲರ್ ಲೆಕ್ಕ ಹಾಕದೆಯೇ ಹೌದು ಎಂದು ಬಿಡಬಹುದೇ? ಋಣ ಬೆಲೆಗೂ ಅವಕಾಶವಿರುವ ಪೂರ್ಣಾಂಕವಾದರೆ ಬಿಡಬಹುದು, ಏಕೆಂದರೆ ಮೊತ್ತ 32 ಬಿಟ್‌ಗಳ ಗರಿಷ್ಠ ಮಿತಿಯಾದ 2147483647ನ್ನು ದಾಟಿದರೆ ಏನಾಗಬೇಕೆಂದು ಸಿ ಭಾಷೆಯ ಪ್ರಮಾಣಕ ಗೊತ್ತುಪಡಿಸಿಲ್ಲ, ಹಾಗಾಗಿ ಅಂಥ ಸಂದರ್ಭವೇ ಬರುವುದಿಲ್ಲವೆಂದು ಎಣಿಸುವ ಸ್ವಾತಂತ್ರ್ಯ ಕಂಪೈಲರ್‌ಗಿದೆ.

ಋಣ ಬೆಲೆಯಿಲ್ಲದ ಪೂರ್ಣಾಂಕವಾದರೆ ಅದೇ ನಿಯಮ ಘೋರ ತಪ್ಪು. 32 ಬಿಟ್‌ಗಳ ಅಂಥ ಸಂಖ್ಯೆಯಲ್ಲಿ 4294967295ಕ್ಕೆ ಒಂದನ್ನು ಕೂಡಿದರೆ ಸೊನ್ನೆ ಬರುತ್ತದೆಂದು ಪ್ರಮಾಣಕವೇ ಹೇಳುವುದರಿಂದ, ಹೋಲಿಕೆಯ ಉತ್ತರ ಅಲ್ಲಿ ಇಲ್ಲ ಎಂದಾಗಬೇಕು.

ದಶಮಾಂಶ ಸಂಖ್ಯೆಗಳ ಪ್ರಪಂಚ ಇನ್ನೂ ಮೋಸದ್ದು. ಒಂದು ಸಂಖ್ಯೆಯಿಂದ ಅದೇ ಸಂಖ್ಯೆಯನ್ನು ಕಳೆದರೆ ಸೊನ್ನೆ ಎಂಬುದು ಶಾಲೆಯ ಗಣಿತ. ಆ ಸಂಖ್ಯೆ ಅನಂತವಾಗಿದ್ದರೆ, ಅಥವಾ ಸಂಖ್ಯೆಯೇ ಅಲ್ಲ ಎಂಬ ವಿಶೇಷ ಬೆಲೆಯಾಗಿದ್ದರೆ ಕಂಪ್ಯೂಟರಿನಲ್ಲಿ ಅದು ಸುಳ್ಳು. ಸೊನ್ನೆಯನ್ನು ಕೂಡಿದರೆ ಸಂಖ್ಯೆ ಬದಲಾಗದು ಎಂಬ ನಂಬಿಕೆಯೂ ಅಲ್ಲಿ ನಿಲ್ಲುವುದಿಲ್ಲ. ಋಣ ಸೊನ್ನೆಗೆ ಧನ ಸೊನ್ನೆಯನ್ನು ಕೂಡಿದರೆ ಸಾಮಾನ್ಯವಾಗಿ ಬರುವುದು ಧನ ಸೊನ್ನೆ. ಈ ವ್ಯತ್ಯಾಸವನ್ನು ಮರೆತು ಬರೆದ ನಿಯಮ ಕಂಪೈಲರಿನಲ್ಲಿ ಸೇರಿಕೊಂಡರೆ, ಎಲ್ಲೋ ಒಂದು ವೈಜ್ಞಾನಿಕ ಲೆಕ್ಕ ಯಾವ ಎಚ್ಚರಿಕೆಯನ್ನೂ ಕೊಡದೆ ತಪ್ಪುತ್ತದೆ, ಮತ್ತು ಆ ಲೆಕ್ಕವನ್ನು ಬರೆದವರು ತಿಂಗಳುಗಟ್ಟಲೆ ತಮ್ಮ ಕೋಡಿನಲ್ಲೇ ದೋಷ ಹುಡುಕುತ್ತಾರೆ.

ಜಿಸಿಸಿಯ ದೋಷದಾಖಲೆಯಾದ ಬಗ್‌ಜಿಲ್ಲಾದಲ್ಲಿ ತಪ್ಪು ಯಂತ್ರಭಾಷೆ ಹೊರಬಂದ ಪ್ರಕರಣಗಳನ್ನು, ಕಂಪೈಲರೇ ಕುಸಿದುಬಿದ್ದ ಪ್ರಕರಣಗಳನ್ನು, ಕೈತಪ್ಪಿದ ಸುಧಾರಣೆಗಳನ್ನು ಬೇರೆ ಬೇರೆ ಗುರುತುಪದಗಳಿಂದ ವಿಂಗಡಿಸಿರುತ್ತಾರೆ. ಹೊಸಬರಿಗೆ ನಿಲುಕಬಹುದಾದವುಗಳಿಗೆ ಈಸಿಹ್ಯಾಕ್ ಎಂಬ ಗುರುತು ಇದೆ. ಆದರೆ ಕೋಡ್ ಬರೆಯುವುದೊಂದೇ ಕೊಡುಗೆಯಲ್ಲ. ಸಾವಿರ ಸಾಲಿನ ದೋಷವರದಿಯನ್ನು ಅದೇ ದೋಷ ತೋರುವ ಹತ್ತು ಸಾಲಿಗೆ ಇಳಿಸುವುದು, ಯಾವ ಬದಲಾವಣೆಯಿಂದ ದೋಷ ಹುಟ್ಟಿತೆಂದು ಇತಿಹಾಸವನ್ನು ಅರ್ಧರ್ಧ ಮಾಡುತ್ತಾ ಶೋಧಿಸುವುದು ಇವೆಲ್ಲ ಅನುಭವಿಗಳ ಹೊರೆ ಇಳಿಸುವ ಕೆಲಸಗಳು, ಮತ್ತು ಮಾಡಿದವರ ಹೆಸರು ಸುಮ್ಮನೆ ನೆನಪಿನಲ್ಲಿ ಉಳಿಯುತ್ತದೆ.

> ಕಂಪೈಲರ್‌ಗಳೂ ತಪ್ಪುತ್ತವೆ
>
> ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜಾನ್ ರೆಗೆರ್ ಅವರ ತಂಡ ಸಿಸ್ಮಿತ್ ಎಂಬ ಉಪಕರಣದಿಂದ ಯಾದೃಚ್ಛಿಕ ಸಿ ಪ್ರೋಗ್ರಾಂಗಳನ್ನು ಸೃಷ್ಟಿಸಿ ಕಂಪೈಲರ್‌ಗಳಿಗೆ ಉಣಿಸಿತು. 2011ರಲ್ಲಿ ಪ್ರಕಟವಾದ ಅದರ ಪ್ರಬಂಧದ ಪ್ರಕಾರ, ಆವರೆಗೆ ಯಾರಿಗೂ ಗೊತ್ತಿರದ 325ಕ್ಕೂ ಹೆಚ್ಚು ದೋಷಗಳು ಹೀಗೆ ಹೊರಬಿದ್ದವು. ದೋಷ ತೋರುವ ಪ್ರೋಗ್ರಾಂಗಳನ್ನು ತಾನಾಗಿಯೇ ಕಿರಿದಾಗಿಸುವ ಸಿ-ರೆಡ್ಯೂಸ್ ಕೂಡ ಅದೇ ವಿಶ್ವವಿದ್ಯಾಲಯದ ಕೊಡುಗೆ.

ಮಾರ್ಚ್ ತಿಂಗಳ ಮೌನ

ಅರ್ಜಿಯ ಋತುವಿನಲ್ಲಿ ಕಳುಹಿಸಿದ ಪ್ಯಾಚ್‌ಗೆ ಉತ್ತರ ಬರದಿದ್ದಾಗ ವಿದ್ಯಾರ್ಥಿಗಳು ಅದನ್ನು ತಿರಸ್ಕಾರವೆಂದು ತಿಳಿದು ಕುಗ್ಗುವುದುಂಟು. ಅದಕ್ಕೆ ಕಾರಣ ಬಹುಪಾಲು ಜಿಸಿಸಿಯ ವಾರ್ಷಿಕ ಪಂಚಾಂಗದಲ್ಲಿದೆ. ಹೊಸ ಸೌಲಭ್ಯಗಳನ್ನು ಸೇರಿಸಲು ಅವಕಾಶವಿರುವ ಮೊದಲ ಹಂತ ಸಾಮಾನ್ಯವಾಗಿ ನವೆಂಬರಿಗೆ ಮುಗಿಯುತ್ತದೆ. ಆಮೇಲೆ ದೋಷ ತಿದ್ದುವ ಹಂತ. ಜನವರಿಯಿಂದ ಮುಂದೆ, ಹಿಂದೆ ಸರಿಯಿದ್ದು ಈಗ ಕೆಟ್ಟಿರುವವುಗಳನ್ನು ಮತ್ತು ಕೈಪಿಡಿಗಳನ್ನು ಮಾತ್ರ ಮುಟ್ಟಬಹುದಾದ ಕೊನೆಯ ಹಂತ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಹೊಸ ಆವೃತ್ತಿ ಬಿಡುಗಡೆಯಾಗುತ್ತದೆ.

ಅಂದರೆ ಅರ್ಜಿಗಳು ಬರುವ ಮಾರ್ಚ್, ನಿರ್ವಾಹಕರು ಬಿಡುಗಡೆಯ ಗಡಿಬಿಡಿಯಲ್ಲಿ ಮುಳುಗಿರುವ ತಿಂಗಳು. ಆಗ ಹೊಸ ಸುಧಾರಣೆಯ ಪ್ಯಾಚ್ ಕಳುಹಿಸಿದರೆ ಅದು ಕಾಯಲೇಬೇಕು; ಅದರ ಬದಲು ಹೊಸದಾಗಿ ಕೆಟ್ಟಿರುವ ದೋಷವೊಂದನ್ನು ಕಿರಿದುಗೊಳಿಸಿ ಕೊಟ್ಟವರ ಕಡೆಗೆ ಗಮನ ತಾನಾಗಿ ಹರಿಯುತ್ತದೆ. ಡಿಸೆಂಬರಿನಲ್ಲೇ ಕೆಲಸ ಆರಂಭಿಸಿದವರಿಗೆ ಸಿಗುವ ಅನುಕೂಲ ಇಂಥ ಸಣ್ಣ ತಿಳಿವಳಿಕೆಗಳದ್ದು.

ಮಾತುಕತೆಯ ರೀತಿಯನ್ನೂ ಕಲಿಯಬೇಕಾಗುತ್ತದೆ. ಎಲ್‌ಎಲ್‌ವಿಎಂ 2023ರಲ್ಲಿ ಪರಿಶೀಲನೆಯನ್ನು ಗಿಟ್‌ಹಬ್‌ಗೆ ಸ್ಥಳಾಂತರಿಸಿದರೆ, ಜಿಸಿಸಿಯಲ್ಲಿ ಪ್ಯಾಚ್‌ಗಳ ಚರ್ಚೆ ಬಹುಪಾಲು ಇಮೇಲಿನಲ್ಲೇ ನಡೆದು ಬಂದಿದೆ, ಅದೂ ಬಣ್ಣ, ವಿನ್ಯಾಸಗಳಿಲ್ಲದ ಸಾದಾ ಪಠ್ಯದಲ್ಲಿ. ತೆರೆಯ ಫೋಟೊ ತೆಗೆದು ಕಳುಹಿಸಿ ಕೆಲಸ ಮಾಡುತ್ತಿಲ್ಲ ಎಂದು ಬರೆದರೆ ಯಾರಿಗೂ ಉತ್ತರಿಸಲಾಗದು. ಯಾವ ಆವೃತ್ತಿ, ಯಾವ ಯಂತ್ರ, ಕೊಟ್ಟ ಆದೇಶವೇನು, ಬಂದ ದೋಷಸಂದೇಶದ ಪೂರ್ಣಪಾಠವೇನು, ತಾನು ಆಗಲೇ ಏನೇನು ಪ್ರಯತ್ನಿಸಿ ನೋಡಿದ್ದಾಗಿದೆ ಎಂಬ ವಿವರಗಳಿದ್ದ ಪ್ರಶ್ನೆಗೆ ಅಪರಿಚಿತರೂ ತಾಳ್ಮೆಯಿಂದ ಉತ್ತರಿಸುತ್ತಾರೆ.

ನಮ್ಮ ಕಾಲೇಜುಗಳ ರೂಢಿಯಂತೆ ‘ರೆಸ್ಪೆಕ್ಟೆಡ್ ಸರ್’ ಎಂದು ಆರಂಭಿಸುವ ಪತ್ರದಿಂದ ಯಾರಿಗೂ ಬೇಸರವಿಲ್ಲ, ಆದರೆ ಓದುವವರು ಮಹಿಳೆಯಾಗಿರಬಹುದು, ಅರ್ಜಿದಾರರ ವಯಸ್ಸಿನವರೇ ಆಗಿರಬಹುದು. ಅಲ್ಲಿ ಹೆಸರು ಹಿಡಿದು ಮಾತನಾಡುವುದೇ ಮರ್ಯಾದೆ. ಖಾಸಗಿಯಾಗಿ ಒಬ್ಬ ಮಾರ್ಗದರ್ಶಕರನ್ನು ಕಾಡುವುದಕ್ಕಿಂತ ಎಲ್ಲರೂ ಓದುವಲ್ಲಿ ಕೇಳುವುದು ಲೇಸು. ಪ್ಯಾಚ್ ಕಳುಹಿಸಿ ಎರಡು ವಾರವಾದರೂ ಸದ್ದಿಲ್ಲದಿದ್ದರೆ ಮತ್ತೆ ನೆನಪಿಸಬಹುದೆಂದು ಜಿಸಿಸಿಯ ನಿಯಮಗಳೇ ಹೇಳುತ್ತವೆ. ಅದನ್ನು ಪಿಂಗ್ ಎನ್ನುತ್ತಾರೆ, ಸಂಕೋಚಪಡಬೇಕಾದ ಕೆಲಸವೇನಲ್ಲ.

ಪ್ರಸ್ತಾವದಲ್ಲಿ ಏನಿರಬೇಕು

ಇಷ್ಟೆಲ್ಲ ಆದ ಮೇಲೆ ಪ್ರಸ್ತಾವ ಬರೆಯುವುದು ಕಷ್ಟವೇನಲ್ಲ. ಯೋಜನೆಯವರು ಪ್ರಕಟಿಸಿದ ವಿಷಯಗಳ ಪಟ್ಟಿಯಲ್ಲಿನ ವಾಕ್ಯಗಳನ್ನೇ ಹಿಗ್ಗಿಸಿ ಬರೆದ ಪ್ರಸ್ತಾವ, ಆ ವಾಕ್ಯಗಳನ್ನು ಬರೆದವರ ಕೈಗೇ ಹೋಗುತ್ತದೆ ಎಂಬುದನ್ನು ನೆನಪಿಡಬೇಕು. ಅವರು ಹುಡುಕುವುದು ಬೇರೆ: ಯಾವ ಕಡತದ ಯಾವ ಫಂಕ್ಷನ್ ಬದಲಾಗಬೇಕು, ಅದರ ಈಗಿನ ನಡವಳಿಕೆ ಯಾವ ಉದಾಹರಣೆಯಲ್ಲಿ ತಪ್ಪುತ್ತದೆ, ತಿದ್ದಿದ್ದು ಸರಿಯೆಂದು ಯಾವ ಪರೀಕ್ಷೆ ತೋರಿಸುತ್ತದೆ, ಎಲ್ಲಿ ತೊಡಕು ಬರಬಹುದು.

ವೇಳಾಪಟ್ಟಿ ಎಂಬುದು ಅನುಭವಿ ಕಣ್ಣು ಮೊದಲು ಬೀಳುವ ಜಾಗ. ಹತ್ತು ವಾರ ಕೋಡ್ ಬರೆದು ಕೊನೆಯ ವಾರ ಎಲ್ಲವನ್ನೂ ಮುಖ್ಯ ಶಾಖೆಗೆ ಸೇರಿಸುವ ಯೋಜನೆ ನಡೆಯುವಂಥದ್ದಲ್ಲ, ಏಕೆಂದರೆ ಪರಿಶೀಲನೆಗೆ ಬರೆದಷ್ಟೇ ಕಾಲ ಹಿಡಿಯುತ್ತದೆ. ಒಂದೊಂದೂ ತನ್ನಷ್ಟಕ್ಕೆ ಉಪಯುಕ್ತವಾದ ಸಣ್ಣ ಪ್ಯಾಚ್‌ಗಳಾಗಿ ಕೆಲಸವನ್ನು ಒಡೆದು ಮೂರನೆಯ ವಾರದಿಂದಲೇ ಕಳುಹಿಸಲು ಆರಂಭಿಸುವ ವೇಳಾಪಟ್ಟಿಗೆ ನಂಬಿಕೆ ಹುಟ್ಟುತ್ತದೆ. ಸೆಮಿಸ್ಟರ್ ಪರೀಕ್ಷೆಗಳು ಜೂನ್, ಜುಲೈನಲ್ಲಿ ಬೀಳುವಂತಿದ್ದರೆ ಅದನ್ನು ಮುಚ್ಚಿಡದೆ ಬರೆಯುವುದೇ ಜಾಣತನ. ಗೊತ್ತಿರುವ ಗೈರುಹಾಜರಿಗೆ ಹೊಂದಿಕೊಳ್ಳಬಹುದು, ಹೇಳದೆ ಮಾಯವಾದವರನ್ನು ಕಾಯಲಾಗದು.

ಇನ್ನೊಂದು ಮಾತನ್ನು ಈಗಿನ ದಿನಗಳಲ್ಲಿ ಹೇಳಲೇಬೇಕು. ಚಾಟ್‌ಬಾಟ್‌ಗಳಿಂದ ಬರೆಸಿದ ಪ್ರಸ್ತಾವಗಳು ಸರಾಗವಾಗಿಯೂ ಒಂದೇ ಅಚ್ಚಿನವಾಗಿಯೂ ಇರುತ್ತವೆ, ಇಲ್ಲದ ಫಂಕ್ಷನ್‌ಗಳನ್ನು ಧೈರ್ಯವಾಗಿ ಹೆಸರಿಸುತ್ತವೆ. ಉಪಕರಣ ಬಳಸಿದ್ದೇ ಅಪರಾಧವೆಂದೇನೂ ಅಲ್ಲ. ಆದರೆ ಪರಿಶೀಲಕರು ಈ ಸಾಲು ಏಕೆ ಎಂದು ಕೇಳಿದಾಗ ತನ್ನ ಮಾತಿನಲ್ಲಿ ಉತ್ತರಿಸಲಾಗದವರು ಕಳುಹಿಸಿದ ಪ್ಯಾಚ್, ಮಾರ್ಗದರ್ಶಕರ ಸಮಯವನ್ನು ಕದ್ದಂತೆಯೇ. ಈ ಯೋಜನೆಗಳಲ್ಲಿ ನಿಜಕ್ಕೂ ದುರ್ಲಭವಾದದ್ದು ಆ ಸಮಯ, ಗೂಗಲ್ಲಿನ ಹಣವಲ್ಲ.

ಕಾನೂನಿನ ಒಂದು ಅಂಶವೂ ಉಂಟು. ಜಿಸಿಸಿಗೆ ಕೋಡ್ ಕೊಡುವವರು ಹಿಂದೆ ಹಕ್ಕುಸ್ವಾಮ್ಯವನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಬರೆದುಕೊಡಬೇಕಾಗಿತ್ತು. 2021ರಿಂದ, ಇದನ್ನು ಕೊಡುವ ಹಕ್ಕು ತನಗಿದೆ ಎಂದು ಪ್ರತಿ ಪ್ಯಾಚ್‌ನಲ್ಲೂ ಸಹಿಯ ಸಾಲು ಹಾಕಿದರೂ ಸಾಕು. ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್ ಮಾಡುತ್ತಿರುವವರು ಆ ಹಕ್ಕು ನಿಜವಾಗಿ ತಮ್ಮದೇ ಎಂದು ಕರಾರುಪತ್ರವನ್ನು ಓದಿ ನೋಡುವುದು ಒಳಿತು.

> ಬೆಂಗಳೂರು, ಮುಂಬೈ ನಂಟು
>
> ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ಡಿಸೈನ್ ಹ್ಯಾಂಡ್‌ಬುಕ್ 2002ರಲ್ಲಿ ಮೊದಲು ಪ್ರಕಟವಾಯಿತು. ಅದೇ ಸಂಸ್ಥೆಯ ಉದಯ್ ಬೊಂಧುಗುಲ ಅವರು ಪ್ಲೂಟೊ ಎಂಬ ಕಂಪೈಲರ್‌ನಿಂದ ಹೆಸರಾದವರು. ಐಐಟಿ ಬಾಂಬೆಯಲ್ಲಿ ಉದಯ್ ಖೇಡ್ಕರ್ ನೇತೃತ್ವದ ಜಿಸಿಸಿ ರಿಸೋರ್ಸ್ ಸೆಂಟರ್ ಜಿಸಿಸಿಯ ಒಳರಚನೆಯ ಬಗ್ಗೆ ಕಾರ್ಯಾಗಾರಗಳನ್ನು ನಡೆಸಿದೆ. ಎಲ್‌ಎಲ್‌ವಿಎಂ ಹುಟ್ಟಿಗೆ ಕ್ರಿಸ್ ಲ್ಯಾಟ್ನರ್ ಜೊತೆ ಕಾರಣರಾದ ಇಲಿನಾಯ್ ವಿಶ್ವವಿದ್ಯಾಲಯದ ವಿಕ್ರಂ ಅಡ್ವೆ ಐಐಟಿ ಬಾಂಬೆಯ ಪದವೀಧರರು.

ಫಲಿತಾಂಶ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾಗದಲ್ಲಿ ಪ್ರಕಟವಾಗುತ್ತದೆ. ಜಿಸಿಸಿಯಂಥ ಯೋಜನೆಯಲ್ಲಿ ಒಂದು ವರ್ಷಕ್ಕೆ ಸಿಗುವ ಸ್ಥಾನಗಳು ಬೆರಳೆಣಿಕೆಯವು, ಆದ್ದರಿಂದ ಅರ್ಹರೂ ಹೊರಗುಳಿಯುತ್ತಾರೆ. ಆದರೆ ಹೊಸ ಆವೃತ್ತಿಯ ಶಾಖೆ ಬೇರೆಯಾಗಿ ಮೊದಲ ಹಂತ ಮತ್ತೆ ತೆರೆಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಮಾರ್ಚ್‌ನಲ್ಲಿ ಕಾಯುತ್ತ ಬಿದ್ದಿದ್ದ ಪ್ಯಾಚ್‌ಗೆ ಪರಿಶೀಲಕರು ಸಿಗುವುದೂ ಆಗಲೇ.

ಹಾಗೆ ಕೆಲವು ಪ್ಯಾಚ್‌ಗಳು ಒಪ್ಪಿತವಾದ ಮೇಲೆ, ನಿರ್ವಾಹಕರೊಬ್ಬರು ಹೊಣೆ ಹೊತ್ತು ಶಿಫಾರಸು ಮಾಡಿದರೆ, ಅನುಮೋದನೆಗೊಂಡ ತಿದ್ದುಪಡಿಯನ್ನು ನೇರವಾಗಿ ಸೇರಿಸುವ ಅಧಿಕಾರ ಸಿಗುತ್ತದೆ. ಆ ಅಧಿಕಾರ ಬಂದವರು ರೂಢಿಯಂತೆ ಮಾಡುವ ಮೊದಲ ತಿದ್ದುಪಡಿ, ಮೇಂಟೇನರ್ಸ್ ಎಂಬ ಕಡತದಲ್ಲಿ ತಮ್ಮ ಹೆಸರನ್ನು ಅಕಾರಾದಿಯಾಗಿ ಸೇರಿಸುವುದು. ಸಮ್ಮರ್ ಆಫ್ ಕೋಡ್‌ನಲ್ಲಿ ಆಯ್ಕೆಯಾಗಿದ್ದವರು, ಆಗದವರು ಎಂಬ ವಿಂಗಡಣೆ ಆ ಪಟ್ಟಿಯಲ್ಲಿಲ್ಲ.